ಫರಕ್ಕಾ ಐವತ್ತು ವರ್ಷ: ಕ್ಯೂಸೆಕ್ ಲೆಕ್ಕಕ್ಕೆ ಸಿಗದ ಗಂಗೆ

ಅಧ್ಯಕ್ಷರೆ, ಗೆಳೆಯರೆ,

1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಗಂಗಾ ಜಲ ಹಂಚಿಕೆ ಒಪ್ಪಂದಕ್ಕೆ ಸಹಿ ಬಿತ್ತು. ಬಾಂಗ್ಲಾದೇಶದ ಪರವಾಗಿ ಸಹಿ ಹಾಕಿದವರು ಶೇಖ್ ಹಸೀನಾ, ಭಾರತದ ಪರವಾಗಿ ಎಚ್.ಡಿ. ದೇವೇಗೌಡರು. ಹೇಮಾವತಿ, ಕಾವೇರಿಗಳ ನೀರಿನ ಲೆಕ್ಕದಲ್ಲೇ ರಾಜಕೀಯ ಬದುಕಿನ ಬಹುಪಾಲು ಕಳೆದ, ರಾಜ್ಯದಲ್ಲಿ ನೀರಾವರಿ ಖಾತೆಯನ್ನು ನಿಭಾಯಿಸಿದ್ದ ಕನ್ನಡಿಗರೊಬ್ಬರು, ಹನ್ನೊಂದು ತಿಂಗಳೂ ತುಂಬದ ತಮ್ಮ ಪ್ರಧಾನಿ ಅವಧಿಯಲ್ಲಿ, ಎರಡು ದೇಶಗಳ ನಡುವೆ ದಶಕಗಳಿಂದ ಹೊಗೆಯಾಡುತ್ತಿದ್ದ ಜಗಳವೊಂದನ್ನು ಒಪ್ಪಂದದ ಕಾಗದಕ್ಕೆ ಇಳಿಸಿದರು. ನಮ್ಮಲ್ಲಿ ಅವರ ಆ ದಿನಗಳ ಬಗ್ಗೆ ಮಾತಾಡುವಾಗ ಈ ಸಂಗತಿ ಹೆಚ್ಚಾಗಿ ನೆನಪಾಗುವುದಿಲ್ಲ. ಬಾಂಗ್ಲಾದೇಶದಲ್ಲಿ ಮಾತ್ರ ಪ್ರತಿ ಬೇಸಿಗೆಯಲ್ಲೂ ಆ ಒಪ್ಪಂದ ಸುದ್ದಿಯಾಗುತ್ತದೆ.

ಅದರ ಅವಧಿ 30 ವರ್ಷ. 2026ರ ಡಿಸೆಂಬರಿಗೆ ಅದು ತುಂಬುತ್ತದೆ. ಒಪ್ಪಂದಕ್ಕೆ ಕಾರಣವಾದ, ಗಂಗೆಗೆ ಅಡ್ಡಲಾಗಿ ಕಟ್ಟಿದ ಫರಕ್ಕಾ ಬ್ಯಾರೇಜ್ ಕೆಲಸ ಶುರುಮಾಡಿ 2025ರ ಏಪ್ರಿಲಿಗೆ 50 ವರ್ಷ ಕಳೆದಿದೆ. ದೇಶಗಳ ನಡುವೆ ಹರಿಯುವ ನದಿಗೆ ಅಡ್ಡಗಟ್ಟೆ ಹಾಕಿದರೆ ನದಿಗೆ ಏನಾಗುತ್ತದೆ, ನೆರೆಹೊರೆಯ ಸಂಬಂಧಕ್ಕೆ ಏನಾಗುತ್ತದೆ ಎಂಬುದನ್ನು ನೋಡಲು ಇಷ್ಟು ದೀರ್ಘ ಅನುಭವ ನಮ್ಮ ದೇಶದೊಳಗೇ ಇರುವಾಗ ದೂರದ ನೈಲ್ ನದಿಗೋ ಮೆಕಾಂಗ್ ನದಿಗೋ ಹೋಗಬೇಕಾಗಿಲ್ಲ ಎಂದು ನಾನು ಈ ವಿಷಯವನ್ನು ಆಯ್ದುಕೊಂಡೆ. ಕಾವೇರಿಯಲ್ಲಿ ಮೇಲ್ದಂಡೆಯವರಾಗಿಯೂ ಕೃಷ್ಣೆಯಲ್ಲಿ ಮಹಾರಾಷ್ಟ್ರದ ಕೆಳದಂಡೆಯವರಾಗಿಯೂ ಎರಡೂ ಬಗೆಯ ವಾದ ಮಾಡಿ ಪಳಗಿದ ನಮಗೆ ಈ ಕಥೆಯ ಎರಡು ಪಕ್ಷಗಳೂ ಅರ್ಥವಾಗುತ್ತವೆ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ರಾಜ್ಯಗಳ ನಡುವಿನ ಜಗಳಕ್ಕೆ ನ್ಯಾಯಮಂಡಳಿ ಇದೆ, ಅದರ ಮೇಲೆ ಸುಪ್ರೀಂ ಕೋರ್ಟ್ ಇದೆ. ಢಾಕಾ ಮತ್ತು ದೆಹಲಿಯ ನಡುವೆ ಅಂಥ ಕಟಕಟೆ ಯಾವುದೂ ಇಲ್ಲ.

ಫರಕ್ಕಾ ಇರುವುದು ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ, ಬಾಂಗ್ಲಾದೇಶದ ಗಡಿಯಿಂದ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ. ಗಂಗೆ ಅಲ್ಲಿಂದ ಸ್ವಲ್ಪ ಕೆಳಗೆ ಎರಡಾಗಿ ಒಡೆಯುತ್ತದೆ. ದೊಡ್ಡ ಹರಿವು ಪದ್ಮಾ ಎಂಬ ಹೆಸರಿನಲ್ಲಿ ಬಾಂಗ್ಲಾದೇಶಕ್ಕೆ ಹೋಗುತ್ತದೆ. ಸಣ್ಣ ಕವಲು ಭಾಗೀರಥಿಯಾಗಿ ದಕ್ಷಿಣಕ್ಕೆ ತಿರುಗಿ, ಮುಂದೆ ಹೂಗ್ಲಿ ಎನಿಸಿಕೊಂಡು ಕೋಲ್ಕತ್ತದ ಪಕ್ಕದಲ್ಲಿ ಹರಿದು ಸಮುದ್ರ ಸೇರುತ್ತದೆ. ಭಾಗೀರಥಿಯ ಬಾಯಿ ಕಾಲಕ್ರಮದಲ್ಲಿ ಹೂಳಿನಿಂದ ಕಟ್ಟಿಕೊಂಡು, ಬೇಸಿಗೆಯಲ್ಲಿ ಅದಕ್ಕೆ ಗಂಗೆಯ ನೀರು ಸರಿಯಾಗಿ ಸೇರದಂತಾಗಿತ್ತು. ಮೇಲಿಂದ ತಳ್ಳುವ ನೀರು ಕಡಿಮೆಯಾದಾಗ ಸಮುದ್ರದ ಭರತ ಹೊತ್ತು ತಂದ ಹೂಳು ಹೂಗ್ಲಿಯಲ್ಲಿ ನಿಲ್ಲುತ್ತಿತ್ತು, ಹಡಗುಗಳು ಕೋಲ್ಕತ್ತ ಬಂದರಿಗೆ ಬರುವುದು ಕಷ್ಟವಾಗುತ್ತಿತ್ತು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್ 1853ರಷ್ಟು ಹಿಂದೆಯೇ ರಾಜಮಹಲ್ ಬಳಿ ಗಂಗೆಗೆ ಒಡ್ಡು ಹಾಕಿ ಹೂಗ್ಲಿಗೆ ನೀರು ತಿರುಗಿಸಬಹುದೆಂದು ಸೂಚಿಸಿದ್ದರು. ಸ್ವತಂತ್ರ ಭಾರತ 1961ರಲ್ಲಿ ಕೆಲಸ ಕೈಗೆತ್ತಿಕೊಂಡಿತು. ಎರಡು ಕಿಲೋಮೀಟರಿಗೂ ಉದ್ದದ, ನೂರಕ್ಕೂ ಹೆಚ್ಚು ಗೇಟುಗಳ ಬ್ಯಾರೇಜ್ ಎದ್ದು ನಿಂತಿತು. ಭಾಗೀರಥಿಗೆ 40 ಸಾವಿರ ಕ್ಯೂಸೆಕ್ ನೀರು ಸಾಗಿಸಬಲ್ಲ ಸುಮಾರು 38 ಕಿಲೋಮೀಟರಿನ ಕಾಲುವೆ ತಯಾರಾಯಿತು.

ಈ ಲೆಕ್ಕವನ್ನು ಒಪ್ಪದ ಒಬ್ಬ ಎಂಜಿನಿಯರ್ ಇದ್ದರು. ಅವರು ಪಶ್ಚಿಮ ಬಂಗಾಳ ಸರ್ಕಾರದ ನೀರಾವರಿ ಇಲಾಖೆಯಲ್ಲಿದ್ದ ಕಪಿಲ್ ಭಟ್ಟಾಚಾರ್ಯ. ಬೇಸಿಗೆಯಲ್ಲಿ ಗಂಗೆಯಲ್ಲಿ ಬಂದರನ್ನು ತೊಳೆಯುವಷ್ಟು ನೀರೇ ಸಿಗಲಾರದು, ಒಡ್ಡಿನ ಹಿಂದೆ ಹೂಳು ತುಂಬಿ ಮಾಲ್ದಾ, ಮುರ್ಷಿದಾಬಾದ್ ಮತ್ತು ಬಿಹಾರದಲ್ಲಿ ನೆರೆ ಹೆಚ್ಚುತ್ತದೆ, ಗಡಿಯಾಚೆಯ ಜನರೊಂದಿಗೆ ವೈಮನಸ್ಯ ಬೆಳೆಯುತ್ತದೆ ಎಂದು ಅವರು ಬ್ಯಾರೇಜ್ ಏಳುವ ಮೊದಲೇ ಬರೆದರು. ಅದಕ್ಕೆ ಅವರಿಗೆ ಸಿಕ್ಕ ಪ್ರತಿಫಲ ಪಾಕಿಸ್ತಾನದ ಕಡೆಯವನೆಂಬ ಆರೋಪ. ಹಂಚಿಕೊಂಡ ನದಿಯ ಮೇಲೆ ಒಂದು ಯೋಜನೆ ರಾಷ್ಟ್ರದ ಪ್ರತಿಷ್ಠೆಯಾದ ಕೂಡಲೇ ಆಗುವ ಮೊದಲ ನಷ್ಟ ಇದೇ ಎಂದು ನನಗೆ ಅನ್ನಿಸುತ್ತದೆ. ನದಿಯ ವಿಜ್ಞಾನದ ಬಗೆಗಿನ ಒಂದು ತಕರಾರು ದೇಶನಿಷ್ಠೆಯ ಪರೀಕ್ಷೆಯಾಗಿಬಿಡುತ್ತದೆ, ಆಮೇಲೆ ಮನೆಯೊಳಗಿನವರೂ ಬಾಯಿ ತೆರೆಯಲು ಹಿಂಜರಿಯುತ್ತಾರೆ.

ಪಾಕಿಸ್ತಾನ 1951ರಲ್ಲೇ ತಕರಾರು ಎತ್ತಿತ್ತು. ಬಾಂಗ್ಲಾದೇಶ ಹುಟ್ಟಿದ ಮೇಲೆ, 1972ರಲ್ಲಿ, ಜಂಟಿ ನದಿಗಳ ಆಯೋಗ ರಚನೆಯಾಯಿತು. ಆಗಿನ ಸ್ನೇಹದ ವಾತಾವರಣದಲ್ಲಿ, 1975ರ ಏಪ್ರಿಲ್ 21ರಿಂದ ಮೇ 31ರವರೆಗೆ 41 ದಿನ ಮಾತ್ರ ಕಾಲುವೆಗೆ ಪ್ರಾಯೋಗಿಕವಾಗಿ ನೀರು ಹರಿಸಲು ಢಾಕಾ ಒಪ್ಪಿತು. 11ರಿಂದ 16 ಸಾವಿರ ಕ್ಯೂಸೆಕ್ ಎಂಬ ಮಿತಿಯೂ ಇತ್ತು. ಅದೇ ಆಗಸ್ಟಿನಲ್ಲಿ ಶೇಖ್ ಮುಜೀಬರ ಹತ್ಯೆಯಾಯಿತು, ಢಾಕಾದಲ್ಲಿ ಸರ್ಕಾರ ಬದಲಾಯಿತು. ಮುಂದಿನ ಬೇಸಿಗೆಯಲ್ಲಿ ಯಾವ ಒಪ್ಪಂದವೂ ಇಲ್ಲದೆ ಭಾರತ ನೀರು ತಿರುಗಿಸಿಕೊಂಡಿತು. 1976ರ ಮೇ 16ರಂದು ತೊಂಬತ್ತು ದಾಟಿದ ರೈತ ನಾಯಕ ಮೌಲಾನಾ ಭಾಶಾನಿ ರಾಜಶಾಹಿಯಿಂದ ಸಾವಿರಾರು ಜನರೊಂದಿಗೆ ಗಡಿಯತ್ತ ನಡೆದರು. ಬಾಂಗ್ಲಾದೇಶದಲ್ಲಿ ಮೇ 16 ಇಂದಿಗೂ ಫರಕ್ಕಾ ದಿನ. ಅದೇ ವರ್ಷ ವಿಷಯ ವಿಶ್ವಸಂಸ್ಥೆಯ ಮಹಾಸಭೆಯವರೆಗೆ ಹೋಗಿ, ನವೆಂಬರಿನಲ್ಲಿ ಎರಡೂ ಕಡೆಯವರು ಕೂತು ಮಾತಾಡಬೇಕೆಂಬ ಒಮ್ಮತದ ಹೇಳಿಕೆ ಹೊರಬಂತು. ಐದು ವರ್ಷದ ಹಿಂದೆ ತಾನೇ ನಿಂತು ಬಿಡುಗಡೆಗೆ ನೆರವಾದ ದೇಶದೊಂದಿಗೆ ಭಾರತದ ಸಂಬಂಧ ಇಷ್ಟು ಬೇಗ ಕೆಡಲು ಬೇರೆ ಕಾರಣಗಳೂ ಇದ್ದವು. ಜನಸಾಮಾನ್ಯರ ಕಣ್ಣಿಗೆ ಕಾಣುವಂಥ, ಕೈತೋರಿಸಿ ಹೇಳಬಹುದಾದಂಥ ಕಾರಣ ಮಾತ್ರ ಫರಕ್ಕಾ ಒಂದೇ.

1977ರ ನವೆಂಬರಿನಲ್ಲಿ ಜನತಾ ಸರ್ಕಾರ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಗಂಗೆಯಲ್ಲಿ ನೀರು ಅತ್ಯಂತ ಕಡಿಮೆ ಇರುವ ಏಪ್ರಿಲ್ ಕೊನೆಯ ಹತ್ತು ದಿನಗಳಲ್ಲಿ ಬಾಂಗ್ಲಾಕ್ಕೆ 34,500 ಕ್ಯೂಸೆಕ್, ಭಾರತಕ್ಕೆ 20,500. ನದಿಯಲ್ಲಿ ನೀರು ಎಷ್ಟೇ ಇಳಿದರೂ ಬಾಂಗ್ಲಾದ ಪಾಲಿನ ಶೇ 80ರಷ್ಟು ಖಚಿತ. ಅದು ಮುಗಿದ ಮೇಲೆ ಎರಡು ಸಲ ಸಣ್ಣ ಅವಧಿಯ ತಿಳಿವಳಿಕೆ ಪತ್ರಗಳು ಬಂದವು. 1988ರ ನಂತರ ಅದೂ ಇಲ್ಲ. 1993ರ ಮಾರ್ಚಿನಲ್ಲಿ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿ ಪದ್ಮಾ ನದಿಯ ಹರಿವು 10 ಸಾವಿರ ಕ್ಯೂಸೆಕ್‌ಗಿಂತ ಕೆಳಗಿಳಿಯಿತು. ಮಳೆಗಾಲದಲ್ಲಿ ಅದೇ ಸೇತುವೆಯ ಕೆಳಗೆ ಹತ್ತು ಲಕ್ಷ ಕ್ಯೂಸೆಕ್ ಮೀರಿ ನೀರು ಹೋಗುತ್ತದೆ. ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ಶ್ರೀರಂಗಪಟ್ಟಣದ ಸುತ್ತ ಎಚ್ಚರಿಕೆ ಕೊಡುವುದನ್ನು ಕಂಡ ನಮಗೆ ಈ ಎರಡು ಅಂಕಿಗಳ ನಡುವಿನ ಅಂತರ ಎಷ್ಟೆಂದು ಹೇಳಬೇಕಾಗಿಲ್ಲ.

ದೇವೇಗೌಡರು ಸಹಿ ಮಾಡಿದ ಒಪ್ಪಂದದ ಸೂತ್ರ ಸರಳವಾಗಿದೆ. ಅದು ಜನವರಿ 1ರಿಂದ ಮೇ 31ರವರೆಗಿನ ಐದು ತಿಂಗಳಿಗೆ ಮಾತ್ರ ಅನ್ವಯಿಸುತ್ತದೆ. ಹತ್ತು ಹತ್ತು ದಿನಗಳ ಕಂತಿನಲ್ಲಿ ಲೆಕ್ಕ ನಡೆಯುತ್ತದೆ. ಫರಕ್ಕಾಕ್ಕೆ ಬಂದ ನೀರು 70 ಸಾವಿರ ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು. 70ರಿಂದ 75 ಸಾವಿರದ ನಡುವೆ ಇದ್ದರೆ ಬಾಂಗ್ಲಾಕ್ಕೆ 35 ಸಾವಿರ, ಉಳಿದದ್ದು ಭಾರತಕ್ಕೆ. ಅದಕ್ಕೂ ಮೇಲಾದರೆ ಭಾರತಕ್ಕೆ 40 ಸಾವಿರ, ಉಳಿದದ್ದೆಲ್ಲ ಬಾಂಗ್ಲಾಕ್ಕೆ. ಮಾರ್ಚ್ 11ರಿಂದ ಮೇ 10ರವರೆಗಿನ ಕಡುಬೇಸಿಗೆಯಲ್ಲಿ ಒಂದು ಕಂತು ಒಬ್ಬರಿಗೆ ಖಚಿತವಾಗಿ 35 ಸಾವಿರ, ಮುಂದಿನ ಕಂತು ಇನ್ನೊಬ್ಬರಿಗೆ ಖಚಿತವಾಗಿ 35 ಸಾವಿರ. ನಮ್ಮ ಕೆರೆಗಳಲ್ಲಿ ನೀರುಗಂಟಿ ಸರದಿಯ ಮೇಲೆ ತೂಬು ತೆರೆಯುವ ಪದ್ಧತಿಗೆ ಇದು ಹತ್ತಿರವಾಗಿದೆ, ಬರದ ನೋವನ್ನು ಒಬ್ಬರ ತಲೆಗೇ ಕಟ್ಟದೆ ಸರದಿಯಲ್ಲಿ ಹಂಚುವ ಗುಣ ಇದರಲ್ಲಿದೆ. ಫರಕ್ಕಾದಲ್ಲಿಯೂ ಹಾರ್ಡಿಂಜ್ ಸೇತುವೆಯಲ್ಲಿಯೂ ಎರಡೂ ದೇಶಗಳ ಸಿಬ್ಬಂದಿ ಸೇರಿಯೇ ಅಳತೆ ಮಾಡುತ್ತಾರೆ. ಮೂವತ್ತು ವರ್ಷ, ಹಲವು ಸರ್ಕಾರಗಳು ಬಂದುಹೋದರೂ, ಈ ವ್ಯವಸ್ಥೆ ಮುರಿಯಲಿಲ್ಲ ಎಂಬುದು ಸಣ್ಣ ಸಾಧನೆಯಲ್ಲ. ನಾನು ಮುಂದೆ ಹೇಳುವ ಆಕ್ಷೇಪಗಳು ಆ ಸಾಧನೆಯನ್ನು ಅಲ್ಲಗಳೆಯುವುದಕ್ಕಲ್ಲ.

ಆಕ್ಷೇಪಗಳಲ್ಲಿ ಕೆಲವು ಲೆಕ್ಕದ ಒಳಗಿನವು. ಹಿಂದಿನ ಶೇ 80ರ ಖಾತರಿ ಹೊಸ ಒಪ್ಪಂದದಲ್ಲಿ ಉಳಿಯಲಿಲ್ಲ. ಹರಿವು 50 ಸಾವಿರಕ್ಕಿಂತ ಕೆಳಗಿಳಿದರೆ ಎರಡೂ ಸರ್ಕಾರಗಳು ತಕ್ಷಣ ಸಮಾಲೋಚಿಸಬೇಕು ಎಂದಷ್ಟೇ ಇದೆ. ಸೂತ್ರದ ಹಿಂದಿರುವ ಸರಾಸರಿ 1949ರಿಂದ 1988ರವರೆಗಿನದು, ಆದರೆ ಹರಿದ್ವಾರದಿಂದ ಫರಕ್ಕಾದವರೆಗೆ ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಲುವೆ ಮತ್ತು ಪಂಪುಗಳು ಎಳೆದುಕೊಳ್ಳುವ ನೀರು ಅಲ್ಲಿಂದೀಚೆಗೆ ನಿಂತ ಜಾಗದಲ್ಲಿ ನಿಂತಿಲ್ಲ. ಬೇಸಿಗೆಯ ಹರಿವಿನ ದೊಡ್ಡ ಪಾಲನ್ನು ಕೊಡುವ ಉಪನದಿಗಳು ನೇಪಾಳದಿಂದ ಬರುತ್ತವೆ, ಒಪ್ಪಂದದಲ್ಲಿ ನೇಪಾಳದ ಹೆಸರಿಲ್ಲ. ನೀರನ್ನು ಹೆಚ್ಚಿಸಿಕೊಳ್ಳುವ ದಾರಿ ಯಾವುದೆಂಬ ಚರ್ಚೆಯಲ್ಲಿ ಬಾಂಗ್ಲಾದೇಶ ನೇಪಾಳದಲ್ಲಿ ಜಲಾಶಯಗಳನ್ನು ಕಟ್ಟೋಣ ಎಂದಿತು, ಭಾರತ ಬ್ರಹ್ಮಪುತ್ರದಿಂದ ಗಂಗೆಗೆ ಕಾಲುವೆ ತೋಡೋಣ ಎಂದಿತು. ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸಲಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪ ಲೆಕ್ಕದ ಹೊರಗಿನದು. ಒಪ್ಪಂದ ಹಂಚುವುದು ನೀರನ್ನು. ಗಂಗೆ ತರುವುದು ನೀರು ಮಾತ್ರವಲ್ಲ, ಪ್ರತಿ ಮಳೆಗಾಲದಲ್ಲೂ ಹಿಮಾಲಯವನ್ನು ಕೋಟ್ಯಂತರ ಟನ್ ಮಣ್ಣಾಗಿ ಹೊತ್ತು ತರುತ್ತದೆ. ಇಡೀ ಬಂಗಾಳವೇ ಆ ಮಣ್ಣಿನಿಂದ ಆದ ನೆಲ. ಹೂಳು ತುಂಬುವುದೆಂದರೆ ಏನೆಂದು ನಮಗೆ ತುಂಗಭದ್ರೆ ತೋರಿಸಿದ್ದಾಳೆ. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಆದರೆ ತುಂಗಭದ್ರೆಯ ಎರಡು ಕಡೆ ಗಟ್ಟಿ ನೆಲವಿದೆ, ಹೂಳು ಅಲ್ಲಿ ಜಾಗ ತಿನ್ನುತ್ತದೆಯೇ ಹೊರತು ನದಿಯನ್ನು ದಾರಿ ತಪ್ಪಿಸುವುದಿಲ್ಲ. ಫರಕ್ಕಾದ ಮೇಲ್ಭಾಗದಲ್ಲಿ ಬಲದಂಡೆಗೆ ರಾಜಮಹಲ್ ಬೆಟ್ಟಗಳ ಕಲ್ಲಿದೆ, ಎಡದಂಡೆಗೆ ಮಾಲ್ದಾ ಜಿಲ್ಲೆಯ ಸಡಿಲ ಮೆಕ್ಕಲು ಮಣ್ಣಿದೆ. ಗೇಟುಗಳ ಹಿಂದೆ ವೇಗ ಕಳೆದುಕೊಂಡ ನದಿ ಹೊತ್ತ ಮಣ್ಣನ್ನು ಅಲ್ಲೇ ಇಳಿಸಿತು, ಪಾತ್ರ ಮೇಲೆದ್ದಿತು, ನಡುವೆ ನಡುಗಡ್ಡೆಗಳೆದ್ದವು. ಹರಿಯಲು ಜಾಗವಿಲ್ಲದ ನೀರು ಮೆತ್ತಗಿದ್ದ ಕಡೆಗೆ, ಅಂದರೆ ಮಾಲ್ದಾದ ಕಡೆಗೆ, ಒತ್ತಿತು.

ನದಿ ದಂಡೆಯನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾಲ್ದಾದ ದಂಡೆಯಲ್ಲಿ ಮೇಲಿನ ಪದರ ಜೇಡಿಯಂಥ ಗಟ್ಟಿ ಮಣ್ಣು, ಅದರಲ್ಲೇ ಮಾವಿನ ತೋಪುಗಳು, ಮನೆಗಳು. ಅದರ ಕೆಳಗಿರುವುದು ನುಣುಪಾದ ಮರಳು. ಮಳೆಗಾಲದ ನದಿ ಕೆಳಗಿನ ಮರಳನ್ನು ಸದ್ದಿಲ್ಲದೆ ಕೊಂಡೊಯ್ಯುತ್ತದೆ, ಮೇಲಿನ ಪದರ ಸೂರಿನ ಹಾಗೆ ನೀರಿನ ಮೇಲೆ ಚಾಚಿಕೊಂಡು ನಿಲ್ಲುತ್ತದೆ. ದಂಡೆಗೆ ಸಮಾನಾಂತರವಾಗಿ ಅಂಗಳದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ. ಬಿರುಕು ಕಂಡವರು ಕಾಯುವುದಿಲ್ಲ. ಬಾಗಿಲು, ಕಿಟಕಿಯ ಚೌಕಟ್ಟು, ತಗಡು ಬಿಚ್ಚುತ್ತಾರೆ, ಗೋಡೆಯನ್ನು ತಾವೇ ಒಡೆದು ಇಟ್ಟಿಗೆಗಳನ್ನು ಎಣಿಸಿ ಗಾಡಿಗೆ ಹೇರುತ್ತಾರೆ. ಪ್ರವಾಹದ ನೀರು ಇಳಿಯತೊಡಗಿದಾಗ, ಅಂದರೆ ಹೊರಗಿನವರು ಅಪಾಯ ಕಳೆಯಿತು ಎಂದುಕೊಳ್ಳುವ ಹೊತ್ತಿಗೆ, ನೀರು ಕುಡಿದು ಭಾರವಾದ ದಂಡೆಗೆ ಎದುರಿನ ಒತ್ತಡ ತಪ್ಪಿ ಅದು ತೋಪಿನ ಸಮೇತ ಕುಸಿಯುತ್ತದೆ. ನೆರೆ ಬಂದು ಹೋದರೆ ಹೊಲ ಉಳಿಯುತ್ತದೆ, ಮೆಕ್ಕಲೂ ಸಿಗುತ್ತದೆ. ಕೊರೆತ ಬಂದು ಹೋದರೆ ಹೊಲದ ಪಹಣಿ ಮಾತ್ರ ಉಳಿಯುತ್ತದೆ. ಒಂದು ಕಾಲಕ್ಕೆ ನದಿ ವ್ಯಾಪಾರದ ಊರಾಗಿದ್ದ ಪಂಚಾನಂದಪುರ ಹೀಗೆ ಹೋಯಿತು. ಬ್ಯಾರೇಜಿನ ಕೆಳಗೆ ಮುರ್ಷಿದಾಬಾದಿನ ಧುಲಿಯಾನ್, ಅಖೇರಿಗಂಜ್, ಜಲಂಗಿಯ ಕಡೆಗಳಲ್ಲಿ ಬಲದಂಡೆಗೂ ಇದೇ ಗತಿ. ಬಂಗಾಳದ ನದಿಗಳು ಫರಕ್ಕಾಕ್ಕೆ ಮೊದಲೂ ದಂಡೆ ಕೊರೆಯುತ್ತಿದ್ದವು, ಆ ಮಾತು ನಿಜ. ಆದರೆ ಕೊರೆತ ಒಂದೇ ದಿಕ್ಕಿನಲ್ಲಿ, ಬಿಡದೆ, ದಶಕಗಟ್ಟಲೆ ನಡೆಯಲು ಬ್ಯಾರೇಜ್ ದೊಡ್ಡ ಕಾರಣ ಎಂದು ನದಿಯನ್ನು ಅಧ್ಯಯನ ಮಾಡಿದ ಕಲ್ಯಾಣ್ ರುದ್ರ ಅಂಥವರು ತೋರಿಸಿದ್ದಾರೆ.

ಎಡದಂಡೆಯಲ್ಲಿ ಕಳೆದುಹೋದ ನೆಲ ಕೆಲವು ವರ್ಷಗಳ ಬಳಿಕ ನದಿಯ ಆಚೆ ಬದಿಯಲ್ಲಿ ಮೇಲೇಳುತ್ತದೆ. ನಮ್ಮ ಕರಾವಳಿಯವರು ಕುದ್ರು ಎನ್ನುವಂಥ ಈ ನಡುಗಡ್ಡೆಗೆ ಅಲ್ಲಿ ಚರ್ ಎನ್ನುತ್ತಾರೆ. ಮಾಲ್ದಾದ ಜನ ತಮ್ಮದೇ ನೆಲವೆಂದು ಅಲ್ಲಿಗೆ ಹೋಗಿ ಗುಡಿಸಲು ಹಾಕಿದರೆ, ಆ ಚರ್ ಈಗ ಜಾರ್ಖಂಡಿಗೆ ಅಂಟಿಕೊಂಡಿರುತ್ತದೆ. ಪಡಿತರ ಚೀಟಿ ಯಾವ ರಾಜ್ಯದ್ದು, ಮತ ಎಲ್ಲಿ, ಶಾಲೆ ಎಲ್ಲಿ ಎಂಬ ಪ್ರಶ್ನೆಗೆ ಎರಡು ರಾಜ್ಯಗಳ ಕಚೇರಿಗಳ ನಡುವೆ ಅಲೆದಾಟ. ದೇಶದ ಗಡಿಯ ಕಥೆ ಹೇಳಲು ಬಂದ ನಾನು ರಾಜ್ಯದ ಗಡಿಯನ್ನು ಎತ್ತುತ್ತಿರುವುದಕ್ಕೆ ಕಾರಣವಿದೆ: ಫರಕ್ಕಾದಿಂದ ಲಾಭ ಭಾರತಕ್ಕೆ, ನಷ್ಟ ಬಾಂಗ್ಲಾಕ್ಕೆ ಎಂಬ ಸರಳ ಚಿತ್ರ ಸುಳ್ಳು. 2016ರ ಆಗಸ್ಟಿನಲ್ಲಿ ಪಟ್ನಾ ಸುತ್ತಮುತ್ತ ಗಂಗೆ ಉಕ್ಕಿದಾಗ ಬ್ಯಾರೇಜನ್ನು ತೆಗೆದುಹಾಕಿ ಎಂದು ಪ್ರಧಾನಿಯ ಮುಂದೆ ಬೇಡಿಕೆ ಇಟ್ಟವರು ಢಾಕಾದವರಲ್ಲ, ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್. ಅದೇ ವರ್ಷದ ಮಾರ್ಚಿನಲ್ಲಿ ಇನ್ನೊಂದು ತುದಿಯ ಚಿತ್ರವೂ ಕಂಡಿತ್ತು. ಕಾಲುವೆಯಲ್ಲಿ ನೀರು ಇಳಿದುಹೋಗಿ, ಅದರ ದಡದಲ್ಲಿರುವ 2,100 ಮೆಗಾವಾಟಿನ ಫರಕ್ಕಾ ಉಷ್ಣ ವಿದ್ಯುತ್ ಸ್ಥಾವರವನ್ನು ನಿಲ್ಲಿಸಬೇಕಾಯಿತು.

ಇನ್ನು ಬಂದರು. ಹೂಗ್ಲಿಗೆ ಗಂಗೆಯ ಸಿಹಿನೀರು ಬಂದದ್ದರಿಂದ ಕೋಲ್ಕತ್ತದ ಕುಡಿಯುವ ನೀರಿನ ಉಪ್ಪಿನಂಶ ಇಳಿಯಿತು. ಬ್ಯಾರೇಜಿನ ಮೇಲಿನ ರೈಲು ಮತ್ತು ರಸ್ತೆ ಸೇತುವೆ ಉತ್ತರ ಬಂಗಾಳವನ್ನು ದಕ್ಷಿಣಕ್ಕೆ ಜೋಡಿಸಿತು. ಇವು ಲಕ್ಷಾಂತರ ಜನರಿಗೆ ಆದ ಉಪಕಾರ. ಯಾವುದಕ್ಕಾಗಿ ಕಟ್ಟಿದರೋ ಆ ಕೆಲಸ ಮಾತ್ರ ಆಗಲಿಲ್ಲ. ಹೂಗ್ಲಿಯಲ್ಲಿ ಯಂತ್ರ ಹಚ್ಚಿ ಹೂಳೆತ್ತುವ ಪ್ರಮಾಣ ಇಳಿಯುವ ಬದಲು ಏರಿತು. ದೊಡ್ಡ ಹಡಗುಗಳಿಗಾಗಿ ಸಮುದ್ರಕ್ಕೆ ಹತ್ತಿರವಾದ ಹಲ್ದಿಯಾದಲ್ಲಿ 1977ರಲ್ಲಿ ಬೇರೆ ಡಾಕ್ ತೆರೆಯಬೇಕಾಯಿತು. ಭಟ್ಟಾಚಾರ್ಯರ ಎಚ್ಚರಿಕೆಗಳಲ್ಲಿ ಯಾವುದು ಸುಳ್ಳಾಯಿತು ಎಂದು ಹುಡುಕಿದರೆ ನನಗೆ ಸಿಗುವುದಿಲ್ಲ.

ಗಡಿಯಾಚೆ ಹೋಗೋಣ. ಬಾಂಗ್ಲಾದೇಶದ ನೈರುತ್ಯ ಭಾಗಕ್ಕೆ ಗಂಗೆಯ ಸಿಹಿನೀರನ್ನು ಒಯ್ಯುವ ಮುಖ್ಯ ಕವಲು ಗೊರಾಯಿ ನದಿ. ಪದ್ಮಾ ನದಿಯ ಬೇಸಿಗೆಯ ಮಟ್ಟ ಇಳಿದಂತೆ ಗೊರಾಯಿಯ ಬಾಯಿಗೆ ಮರಳು ತುಂಬಿತು, 1980ರ ದಶಕದ ಕೊನೆಯಿಂದ ಬೇಸಿಗೆಯಲ್ಲಿ ಅದು ತಾಯಿನದಿಯಿಂದ ಕಡಿದುಹೋಗತೊಡಗಿತು. ನದೀಮುಖದಲ್ಲಿ ಸಿಹಿನೀರು ಮತ್ತು ಸಮುದ್ರ ದಿನಕ್ಕೆರಡು ಸಲ ಒಬ್ಬರನ್ನೊಬ್ಬರು ತಳ್ಳಾಡುತ್ತಿರುತ್ತಾರೆ. ಮೇಲಿಂದ ತಳ್ಳುವವರು ಸೋತರೆ ಉಪ್ಪು ಒಳನಾಡಿಗೆ ಏರುತ್ತದೆ. ಖುಲ್ನಾ ಭಾಗದಲ್ಲಿ ನದಿಯ ನೀರು ಹೊಲಕ್ಕೂ ಕಾರ್ಖಾನೆಗೂ ಒಗ್ಗದಂತಾಯಿತು, ಸುಂದರಬನದಲ್ಲಿ ಆ ಕಾಡಿಗೆ ಹೆಸರು ಕೊಟ್ಟ ಸುಂದರಿ ಮರಗಳು ತುದಿಯಿಂದ ಒಣಗತೊಡಗಿದವು. ಸಿಹಿ ಮತ್ತು ಉಪ್ಪು ಬೆರೆತ ನೀರಿನಲ್ಲಿ ಬಾಳುವ ಈ ಮರ ಸ್ವಲ್ಪ ಉಪ್ಪನ್ನು ತಾಳುತ್ತದೆ, ಹದ ಮೀರಿದರೆ ಮಾತ್ರ ತಡೆಯುವುದಿಲ್ಲ. ಇದೆಲ್ಲ ಫರಕ್ಕಾ ಒಂದರಿಂದಲೇ ಆಯಿತೆಂದರೆ ಅದು ನ್ಯಾಯವಾಗದು. 1960ರ ದಶಕದಲ್ಲಿ ಕರಾವಳಿಯುದ್ದಕ್ಕೂ ಕಟ್ಟಿದ ಮಣ್ಣಿನ ಒಡ್ಡುಗಳು ಭರತದ ನೀರು ಮತ್ತು ಹೂಳು ಹೊಲಗಳಿಗೆ ಹರಡದಂತೆ ತಡೆದವು, ಆಮೇಲೆ ಬಂದ ಸಿಗಡಿ ಕೃಷಿ ಉಪ್ಪುನೀರನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡಿತು, ಸಮುದ್ರಮಟ್ಟವೂ ಏರುತ್ತಿದೆ. ಆದರೆ ಇವೆಲ್ಲವನ್ನೂ ತಡೆದುಕೊಳ್ಳುವ ಶಕ್ತಿ ಆ ನೆಲಕ್ಕೆ ಇದ್ದದ್ದು ಮೇಲಿಂದ ಬರುವ ಸಿಹಿನೀರು ಮತ್ತು ಹೊಸ ಮಣ್ಣಿನಿಂದ. ಬೇಸಿಗೆಯಲ್ಲಿ ಅದೇ ತಗ್ಗಿದೆ.

ಹಿಲ್ಸಾ ಮೀನಿನ ಮಾತು ಹೇಳದಿದ್ದರೆ ಬಂಗಾಳದ ನದಿಯ ಬಗ್ಗೆ ಮಾತಾಡಿದಂತಾಗುವುದಿಲ್ಲ. ಸಮುದ್ರದಲ್ಲಿ ಬೆಳೆದು ಮೊಟ್ಟೆ ಇಡಲು ಸಿಹಿನೀರಿಗೆ ಏರಿ ಬರುವ ಮೀನು ಅದು. ಫರಕ್ಕಾಕ್ಕೆ ಮೊದಲು ಅದು ಪಟ್ನಾ, ಬಕ್ಸಾರ್, ಅಲಹಾಬಾದ್ ದಾಟಿ ಹೋಗುತ್ತಿತ್ತು. ಆ ಊರುಗಳ ಬೆಸ್ತರಿಗೆ ಅದು ವರ್ಷದ ಗಳಿಕೆ. ಬ್ಯಾರೇಜಿನಲ್ಲಿ ಮೀನು ಹತ್ತಿಹೋಗಲು ದಾರಿ ಮಾಡಿದ್ದರೂ ಅದು ಫಲ ಕೊಡಲಿಲ್ಲ. ಬಿಹಾರ, ಉತ್ತರ ಪ್ರದೇಶಗಳ ಬೆಸ್ತರ ಬಲೆಯಿಂದ ಹಿಲ್ಸಾ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಯಿತು. ಈಗ ಬ್ಯಾರಕ್‌ಪುರದ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕೆಳಗೆ ಹಿಡಿದ ಜೀವಂತ ಹಿಲ್ಸಾಗಳನ್ನು ಒಯ್ದು ಬ್ಯಾರೇಜಿನ ಮೇಲೆ ಬಿಡುತ್ತಿದ್ದಾರೆ. ತಾನೇ ಸಾವಿರ ಕಿಲೋಮೀಟರ್ ಈಜಿ ಬರುತ್ತಿದ್ದ ಮೀನನ್ನು ಒಂದು ಗೋಡೆ ದಾಟಿಸಲು ಕೈಯಲ್ಲಿ ಎತ್ತಿ ಹಾಕುವ ಆ ಕೆಲಸವನ್ನು ಯೋಚಿಸಿದಾಗ ನನಗೆ ಮನಸ್ಸು ಭಾರವಾಗುತ್ತದೆ. ಗಡಿಯಾಚೆ ಅದೇ ಮೀನು ರಾಜಕೀಯದ ನಾಣ್ಯವೂ ಆಗಿದೆ. 2012ರಲ್ಲಿ ಬಾಂಗ್ಲಾದೇಶ ಹಿಲ್ಸಾ ರಫ್ತನ್ನು ನಿಷೇಧಿಸಿತು, 2019ರಿಂದ ದುರ್ಗಾಪೂಜೆಯ ಹೊತ್ತಿಗೆ ವಿಶೇಷ ಅನುಮತಿ ಕೊಟ್ಟು ಇಷ್ಟಿಷ್ಟು ಕಳಿಸತೊಡಗಿತು. ಕೋಲ್ಕತ್ತದ ಪತ್ರಿಕೆಗಳು ಅದರಿಂದಲೇ ಎರಡು ದೇಶಗಳ ಸಂಬಂಧದ ಬಿಸಿ ಅಳೆಯುತ್ತವೆ.

ಗೇಟು ಬರುವ ಮೊದಲು ನದಿಯಲ್ಲಿ ನೀರು ಇಳಿದರೆ ಜನ ಆಕಾಶ ನೋಡುತ್ತಿದ್ದರು. ಗೇಟು ಬಂದ ಮೇಲೆ ಬರಕ್ಕೂ ನೆರೆಗೂ ಒಬ್ಬ ಕರ್ತೃ ಸಿಕ್ಕ. ಬೇಸಿಗೆಯಲ್ಲಿ ನೀರಿಲ್ಲವೆಂದರೆ ಅವರು ಗೇಟು ಮುಚ್ಚಿದರು, ಮಳೆಗಾಲದಲ್ಲಿ ಊರು ಮುಳುಗಿತೆಂದರೆ ಅವರು ಗೇಟು ತೆರೆದರು. 2024ರ ಆಗಸ್ಟಿನಲ್ಲಿ, ಹಸೀನಾ ಅಧಿಕಾರ ಕಳೆದುಕೊಂಡು ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ, ಫೆನಿ ಮೊದಲಾದ ಜಿಲ್ಲೆಗಳಲ್ಲಿ ಭೀಕರ ನೆರೆ ಬಂತು. ತ್ರಿಪುರದ ಡುಂಬೂರ್ ಅಣೆಕಟ್ಟಿನ ಗೇಟುಗಳನ್ನು ಭಾರತ ಬೇಕೆಂದೇ ತೆರೆಯಿತೆಂಬ ಮಾತು ಕಾಳ್ಗಿಚ್ಚಿನಂತೆ ಹಬ್ಬಿತು. ಅದು ಗಡಿಯಿಂದ 120 ಕಿಲೋಮೀಟರ್ ದೂರದ ಸಣ್ಣ ಅಣೆಕಟ್ಟು, ಗೋಮತಿ ಕಣಿವೆಯಲ್ಲಿ ಸುರಿದದ್ದೇ ಅಸಾಧಾರಣ ಮಳೆ ಎಂದು ದೆಹಲಿ ವಿವರಣೆ ಕೊಟ್ಟಿತು. ವಾರ ಕಳೆಯುವುದರೊಳಗೆ ಫರಕ್ಕಾದ ಗೇಟುಗಳು ತೆರೆದಿವೆ ಎಂಬ ಸುದ್ದಿಗೆ ಮತ್ತೆ ಆತಂಕ. ಪ್ರತಿ ಮಳೆಗಾಲದಲ್ಲೂ ಆ ಗೇಟುಗಳು ತೆರೆದೇ ಇರುತ್ತವೆ, ಮುಚ್ಚಿದರೆ ಬ್ಯಾರೇಜೇ ಉಳಿಯುವುದಿಲ್ಲ. ವಿವರಣೆ ಸರಿಯಾಗಿತ್ತು, ನಂಬುವವರು ಇರಲಿಲ್ಲ. ಮಳೆ, ನೀರಿನ ಮಟ್ಟ, ಗೇಟಿನ ಸ್ಥಿತಿಗಳ ಅಂಕಿಗಳನ್ನು ಎರಡೂ ಕಡೆಯ ಜನ ಕ್ಷಣಕ್ಷಣಕ್ಕೆ ತಾವೇ ನೋಡುವಂತಿದ್ದಿದ್ದರೆ ಆ ವದಂತಿಗೆ ಅಷ್ಟು ಬಲ ಬರುತ್ತಿತ್ತೆ?

ನೀರನ್ನು ಹಂಚುವ ಬದಲು ನದಿಗಳನ್ನೇ ಹಂಚಿಕೊಂಡ ಉದಾಹರಣೆಯೂ ನಮ್ಮ ಉಪಖಂಡದಲ್ಲಿದೆ. 1960ರ ಸಿಂಧೂ ಜಲ ಒಪ್ಪಂದ ರಾವಿ, ಬಿಯಾಸ್, ಸತ್ಲೆಜ್‌ಗಳನ್ನು ಭಾರತಕ್ಕೂ, ಸಿಂಧೂ, ಝೇಲಂ, ಚಿನಾಬ್‌ಗಳನ್ನು ಪಾಕಿಸ್ತಾನಕ್ಕೂ ಕೊಟ್ಟಿತು. ಯುದ್ಧಗಳ ನಡುವೆಯೂ ಅದು ಬಾಳಿತು. ಆದರೆ ಲಾಹೋರಿನ ಬಳಿ ರಾವಿ ಬೇಸಿಗೆಯಲ್ಲಿ ಚರಂಡಿಯಾಗಿದೆ, ಪಾಕಿಸ್ತಾನದ ಒಳಗಿನ ಬ್ಯಾರೇಜುಗಳಿಂದಾಗಿ ಸಿಂಧೂ ನದಿಯ ಮುಖಜಭೂಮಿಯನ್ನು ಸಮುದ್ರ ನುಂಗುತ್ತಿದೆ. ಪಹಲ್ಗಾಮ್ ದಾಳಿಯ ಬೆನ್ನಲ್ಲೇ, 2025ರ ಏಪ್ರಿಲ್ 23ರಂದು, ಭಾರತ ಆ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ದಾಳಿಗೆ ಬಲಿಯಾದವರಲ್ಲಿ ಕರ್ನಾಟಕದವರೂ ಇದ್ದರು. ಅಂದಿನ ಸಿಟ್ಟು ನಮಗೆ ಹೊರಗಿನದಲ್ಲ. ಆ ನಿರ್ಧಾರದ ಸರಿತಪ್ಪುಗಳ ಚರ್ಚೆಗೆ ಇಂದಿನ ವೇಳೆ ಸಾಲದು. ಆದರೆ ಅದನ್ನು ಢಾಕಾದವರೂ ಓದಿದ್ದಾರೆ, ಭಾರತದೊಂದಿಗಿನ ಜಲ ಒಪ್ಪಂದದ ಬಾಳಿಕೆ ಎಷ್ಟೆಂದು ಯೋಚಿಸಿದ್ದಾರೆ ಎಂಬುದನ್ನು ಗಮನಿಸಲೇಬೇಕು. 2025ರ ಜೂನ್‌ನಲ್ಲಿ ಬಾಂಗ್ಲಾದೇಶ ಗಡಿದಾಟುವ ನದಿಗಳ ಕುರಿತ ವಿಶ್ವಸಂಸ್ಥೆಯ ಜಲ ಒಡಂಬಡಿಕೆಯನ್ನು ಸೇರಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲು.

ಭಾರತ ಇನ್ನೊಂದು ಕಡೆ ಕೆಳದಂಡೆಯಲ್ಲಿ ನಿಂತಿದೆ. ಟಿಬೆಟಿನಲ್ಲಿ ಬ್ರಹ್ಮಪುತ್ರ ಅರುಣಾಚಲದತ್ತ ತಿರುಗುವ ದೊಡ್ಡ ಬಾಗಿನಲ್ಲಿ, ಜಗತ್ತಿನ ಅತಿ ದೊಡ್ಡದೆನಿಸುವ ಜಲವಿದ್ಯುತ್ ಯೋಜನೆಯನ್ನು ಚೀನಾ 2025ರ ಜುಲೈನಲ್ಲಿ ಆರಂಭಿಸಿತು. ಸಾಮರ್ಥ್ಯ ಸುಮಾರು 60 ಸಾವಿರ ಮೆಗಾವಾಟ್. ಹೂಳು ಎಲ್ಲಿ ನಿಲ್ಲುತ್ತದೆ, ಗೇಟು ಯಾವಾಗ ತೆರೆಯುತ್ತೀರಿ, ಅಂಕಿಅಂಶ ಕೊಡುತ್ತೀರಾ ಎಂದು ನಾವು ಬೀಜಿಂಗ್‌ಗೆ ಕೇಳುತ್ತಿರುವ ಪ್ರಶ್ನೆಗಳು ಐವತ್ತು ವರ್ಷಗಳಿಂದ ಢಾಕಾ ನಮಗೆ ಕೇಳುತ್ತಿರುವ ಪ್ರಶ್ನೆಗಳೇ. 1997ರಲ್ಲಿ ಅಂತರರಾಷ್ಟ್ರೀಯ ಜಲಮಾರ್ಗಗಳ ಒಡಂಬಡಿಕೆ ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂದಾಗ ಚೀನಾ ವಿರೋಧಿಸಿತು, ಭಾರತ ತಟಸ್ಥವಾಗಿತ್ತು, ಬಾಂಗ್ಲಾದೇಶ ಪರವಾಗಿ ಮತ ಹಾಕಿತು. ಮೂರು ದೇಶಗಳು ನದಿಯ ಯಾವ ಎತ್ತರದಲ್ಲಿವೆ ಎಂಬುದನ್ನು ಆ ಮತಗಳೇ ಹೇಳುತ್ತವೆ. ಫರಕ್ಕಾದಲ್ಲಿ ನಾವು ಉದಾರವಾದಷ್ಟೂ ಬ್ರಹ್ಮಪುತ್ರದ ವಿಷಯದಲ್ಲಿ ನಮ್ಮ ವಾದಕ್ಕೆ ತೂಕ ಬರುತ್ತದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಒಪ್ಪಂದದ ನವೀಕರಣದ ಮಾತು ನಡೆಯುತ್ತಿರುವ ಈ ಹೊತ್ತಿನಲ್ಲಿ ಎರಡೂ ಕಡೆ ಕೇಳಿಬರುವುದು ಮತ್ತೆ ಅದೇ ಚೌಕಾಸಿ, ನಮಗೆಷ್ಟು ಸಾವಿರ ಕ್ಯೂಸೆಕ್, ನಿಮಗೆಷ್ಟು ಸಾವಿರ ಎಂಬುದು. ಪಶ್ಚಿಮ ಬಂಗಾಳವನ್ನು ಕೂರಿಸಿಕೊಳ್ಳದೆ ಮಾಡುವ ಒಪ್ಪಂದ ನಿಲ್ಲದು ಎಂಬುದನ್ನು 2011ರಲ್ಲಿ ತೀಸ್ತಾ ನದಿಯ ಒಪ್ಪಂದ ಕೊನೆಯ ಗಳಿಗೆಯಲ್ಲಿ ಮಮತಾ ಬ್ಯಾನರ್ಜಿಯವರ ವಿರೋಧದಿಂದ ಕೈತಪ್ಪಿದಾಗಲೇ ಕಂಡೆವು. 1996ರಲ್ಲಿ ಆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರ ಒಪ್ಪಿಗೆಯೇ ದಾರಿ ಸುಗಮ ಮಾಡಿತ್ತು. ಈ ಸಲ ಬಿಹಾರವೂ ಕೂರಬೇಕು, ಸಾಧ್ಯವಾದರೆ ನೇಪಾಳವೂ. ಎರಡು ದೇಶಗಳು ಹಂಚಿಕೊಂಡ 54 ನದಿಗಳಲ್ಲಿ ದೀರ್ಘಾವಧಿಯ ಪೂರ್ಣ ಹಂಚಿಕೆ ಒಪ್ಪಂದ ಇರುವುದು ಗಂಗೆಗೊಂದಕ್ಕೇ ಆದ್ದರಿಂದ, ಇಲ್ಲಿ ಬರೆಯುವ ಪ್ರತಿ ಸಾಲೂ ಮಿಕ್ಕ ನದಿಗಳಿಗೆ ಮಾದರಿಯಾಗುತ್ತದೆ.

ನನ್ನ ಒಂದು ಸೂಚನೆಯನ್ನು ಮುಂದಿಟ್ಟು ಮಾತು ನಿಲ್ಲಿಸುತ್ತೇನೆ. ಜನವರಿ 1 ಬಂತೆಂದರೆ ಭಾರತದ ಸಿಬ್ಬಂದಿ ಹಾರ್ಡಿಂಜ್ ಸೇತುವೆಗೂ ಬಾಂಗ್ಲಾದ ಸಿಬ್ಬಂದಿ ಫರಕ್ಕಾಕ್ಕೂ ಹೋಗಿ ನಿಲ್ಲುತ್ತಾರೆ. ದಿನವೂ ಹರಿವನ್ನು ಅಳೆದು ಅಂಕಿಗಳನ್ನು ಜಂಟಿ ಸಮಿತಿಗೆ ಕಳಿಸುತ್ತಾರೆ, ಮೇ 31ಕ್ಕೆ ಗಂಟುಮೂಟೆ ಕಟ್ಟಿ ತಮ್ಮ ತಮ್ಮ ಊರಿಗೆ ಮರಳುತ್ತಾರೆ. ಹೂಳು ಬರುವುದು ಜೂನ್ ನಂತರ, ಹಿಲ್ಸಾ ಹತ್ತುವುದೂ ಆಗಲೇ, ಮಾಲ್ದಾದ ದಂಡೆ ಕುಸಿಯುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಅದೇ ಸಿಬ್ಬಂದಿ ಹನ್ನೆರಡು ತಿಂಗಳೂ ಅಲ್ಲೇ ಇದ್ದು, ಹರಿವನ್ನು ಅಳೆಯುವ ಅದೇ ದೋಣಿಯಿಂದ ಹೂಳಿನ ಮಾದರಿಯ ಬಾಟಲಿಯನ್ನೂ ನೀರಿಗೆ ಇಳಿಸಲಿ. ಗೊರಾಯಿಯ ಬಾಯಲ್ಲಿ, ಖುಲ್ನಾದಲ್ಲಿ ಉಪ್ಪಿನಂಶ ಅಳೆಯುವವರ ಜೊತೆ ಭಾರತದವರೊಬ್ಬರು, ಮಾಲ್ದಾದಲ್ಲಿ ದಂಡೆಯ ಗುರುತು ಹಾಕುವವರ ಜೊತೆ ಬಾಂಗ್ಲಾದವರೊಬ್ಬರು ಇರಲಿ. ಹತ್ತು ದಿನಕ್ಕೊಮ್ಮೆ ಬರೆಯುವ ಜಂಟಿ ಪುಸ್ತಕದಲ್ಲಿ ಕ್ಯೂಸೆಕ್ ಪಕ್ಕದಲ್ಲಿ ಇನ್ನೂ ಮೂರು ಕಲಂ ಎಳೆಯಲು ಹೊಸ ಅಣೆಕಟ್ಟಿನ ಖರ್ಚೇನೂ ತಗಲುವುದಿಲ್ಲ.